ಬೀಜ ಬಿಡಿಸುವುದು

ಆದವಾನಿಯ ಜಿನ್ನಿಂಗ್ ಮಿಲ್ಲಿನಲ್ಲಿ ತೂಕ ಬರೆಯುತ್ತಿದ್ದ
ನಮ್ಮಪ್ಪ, ದಯಾನಿಧೆಪ್ಪ.
ಬೈಯುವುದು ಕನ್ನಡ, ಲೆಕ್ಕ ತೆಲುಗು,
ದೇವರ ಪುಸ್ತಕವೂ ತೆಲುಗೇ.
ಮೋಶೆಯ ಮುಂದೆ ಉರಿದ ಪೊದೆಯನ್ನು ಮಾತ್ರ
ನಮಗಾಗಿ ಜಾಲಿ ಮಾಡಿದ್ದ.

ಒಂದಿರುಳು ಕರೆಂಟು ಹೋದಾಗ ಹೇಳಿದ:
ಅಲೆಕ್ಸಾಂಡ್ರಿಯಾ ಅಂತ ಸಮುದ್ರದ ಊರು,
ಅಲ್ಲೊಬ್ಬ ಯೆಹೂದಿ.
ತಾತಂದಿರ ಹೀಬ್ರೂ ಬರುತ್ತಿತ್ತೋ ಇಲ್ಲವೋ,
ಮೋಶೆಯನ್ನು ಗ್ರೀಕಿನಲ್ಲೇ ಓದಿದ.
ಮಾತು ಕತ್ತಿ ಅಂದ,
ಬೆಳಕನ್ನು ಕತ್ತಲಿಂದ ಸೀಳಿದ್ದು ಅದೇ.
ಮಾತೇ ಅಂಟು ಅಂದ,
ಲೋಕ ಚೆದುರದ ಹಾಗೆ ಹಿಡಿದದ್ದೂ ಅದೇ.

"ಅದ್ಹೆಂಗಪ್ಪಾ, ಕತ್ತೀನೂ ಅದೇ, ಅಂಟೂ ಅದೇ?"

ಅಪ್ಪ ಸುಮ್ಮನಿದ್ದ.
ಅಂಗಿಗೆ ಮೆತ್ತಿದ್ದ ಮಿಲ್ಲಿನ ಹತ್ತಿಯನ್ನು
ಎಳೆಯೆಳೆಯಾಗಿ ಬಿಡಿಸಿದ,
ಉಗುರಿಗೆ ಸಿಕ್ಕ ಬೀಜದ ಚೂರನ್ನು ಊದಿದ,
ತೊಡೆಯ ಮೇಲೆ ಹೊಸೆದು
ಬತ್ತಿ ಮಾಡಿ ಎಣ್ಣೆಗಿಟ್ಟ.
ಗೋಡೆಯ ಮೇಲೆ ನಮ್ಮ ನೆರಳು ಬಂದವು.

ಆ ಬೈಬಲ್ಲು ಈಗ ನನ್ನ ಹತ್ತಿರ.
ಅಂಚಿನ ತುಂಬಾ ಪೆನ್ಸಿಲ್ಲು:
ಅಕ್ಷರ ತೆಲುಗಿನವು, ಮಾತು ನಮ್ಮದು,
ತಲೆಕಟ್ಟು ಅಷ್ಟೇ ಬೇರೆ.
ಒಂದು ಕಡೆ "ಸುಳ್ಳು" ಅಂತ ಬರೆದು
ಗೀಟು ಹೊಡೆದಿದ್ದಾನೆ.
ಅದರ ಕೆಳಗೆ:
ಹನ್ನೆರಡು ಕ್ವಿಂಟಾಲ್. ತೇವ ಜಾಸ್ತಿ.