ಒಂದೇ ಕೈಯಲ್ಲಿ ಓದುವವರು

ಸೋಮವಾರ, ಬುಧವಾರ, ಶುಕ್ರವಾರ
ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ
ನಮ್ಮ ನಾಲ್ವರ ರಕ್ತ ಹೊರಗೆ ಹೋಗಿ
ತೊಳೆಸಿಕೊಂಡು ಬರುತ್ತದೆ.
ಒಂದು ಕೈ ಯಂತ್ರಕ್ಕೆ,
ಇನ್ನೊಂದು ಕಾದಂಬರಿಗೆ.

ಕಿಟಕಿಯಾಚೆ ತಿಬಿಲಿಸಿ ಎಂದರೆ
ಹಿಪ್ಪುನೇರಳೆಯ ಒಂದು ಕೊಂಬೆ, ಅದರ ಹಿಂದೆ ಯಾರದೋ ಬಾಲ್ಕನಿ,
ತಂತಿಯ ಮೇಲೆ ಜೊತೆಯಿಲ್ಲದ ಒಂದು ಕಾಲುಚೀಲ.
ನೋಡಲು ಇಷ್ಟೇ ಇದ್ದದ್ದಕ್ಕೆ
ಓದತೊಡಗಿದೆವು ಅನ್ನುತ್ತೇನೆ ನಾನು.
ಲಾಮಾರಾ ಒಪ್ಪುವುದಿಲ್ಲ.
ಮೂವತ್ತೊಂದು ವರ್ಷ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವಳು,
ಯಾವುದನ್ನೂ ಒಪ್ಪುವುದಿಲ್ಲ.

ಪುಸ್ತಕ ದಪ್ಪ. ಒಂದು ಕೈಗೆ ನಿಲ್ಲದು.
ಗೊದೆರ್ಜಿ ಜೇಬಿನಿಂದ ಚಾಕು ತೆಗೆದು
ಅದರ ಬೆನ್ನು ಸೀಳಿ ನಾಲ್ಕು ಪಾಲು ಮಾಡಿದ.
ಟ್ರಾಮ್ ಓಡಿಸಿದ ಕೈ; ರೊಟ್ಟಿ ಮುರಿದಷ್ಟು ಸಲೀಸು.
ಓದಿ ಮುಗಿಸಿ ಬದಲಾಯಿಸಿಕೊಳ್ಳೋಣ ಎಂದ.

ಜಗಳ ಮೊದಲ ಬುಧವಾರವೇ ಶುರು.
"ಒಳ್ಳೆಯ ಪುಸ್ತಕ. ಮಾಕ್ವಾಲಾಗೆ ಮದುವೆ,
ಎಲ್ಲರೂ ಹಾಡುತ್ತಿದ್ದಾರೆ" ಎಂದ ಗೊದೆರ್ಜಿ.
"ಹಾಡೆಲ್ಲಿ? ಅವಳ ಗಂಡ ಹೋಗಿ ಆರು ವರ್ಷವಾಯಿತು" ಎಂದೆ.
"ಯಾವ ಗಂಡ?" ಎಂದಳು ಲಾಮಾರಾ,
"ನನ್ನ ಪಾಲಿನಲ್ಲಿ ಇಬ್ಬರಿದ್ದಾರೆ."
ನಾನು ದರ್ಜಿ. ಬಟ್ಟೆಯ ಒಳಮಗ್ಗುಲು ತಿರುವಿ ನೋಡುವವನು.
ಇವನು ಕಾಣದ ಕಡೆ ಹೊಲಿಗೆ ಹಾಕಿಲ್ಲ, ಬರೀ ಪಿನ್ನು ಚುಚ್ಚಿದ್ದಾನೆ,
ಕೂತರೆ ಬಿಚ್ಚಿಕೊಳ್ಳುತ್ತದೆ ಎಂದೆ.
ಮೆಟ್ರೋ ಬಾಗಿಲಲ್ಲಿ ಹೂ ಮಾರುವ ಝುಝುನಾ ಮಾತ್ರ
ತುಟಿ ಬಿಚ್ಚಲಿಲ್ಲ.
ಕೊನೆಯ ಪಾಲು ಅವಳದು.

ಒಂದು ವಿಷಯಕ್ಕೆ ನಾಲ್ವರದೂ ಒಂದೇ ಮಾತು:
ಬರೆದವನಿಗೆ ಬಾಯಾರಿಕೆ ಗೊತ್ತಿಲ್ಲ.
ಹತ್ತು ಪುಟಕ್ಕೊಂದು ಔತಣ.
ನಲವತ್ತನೆಯ ಪುಟದಲ್ಲಿ, ಬಾವಿಗೆ ಇಳಿಬಿಟ್ಟ ಕಲ್ಲಂಗಡಿಯನ್ನು
ಹಗ್ಗ ಹಿಡಿದು ಮೇಲೆಳೆಯುತ್ತಾರೆ;
ಅದು ಸೀಳುವ ಸದ್ದಿಗೇ ಅರ್ಧ ಪುಟ.
ನಮಗೋ ದಿನಕ್ಕೆ ಮೂರು ಲೋಟ, ಸಾರೂ ಸೇರಿ.
"ಬಾಯಲ್ಲಿ ನೀರೂರಿತು" ಎಂದ ಗೊದೆರ್ಜಿ.
"ಬರೆದಿಟ್ಟುಕೋ" ಎಂದಳು ಲಾಮಾರಾ,
"ಐದು ಮಿಲಿಲೀಟರ್. ಸಂಜೆಯ ಚಹಾದಲ್ಲಿ ಕಳೆ."

ಫೆಬ್ರುವರಿಯಲ್ಲಿ ಝುಝುನಾಳ ತಂಗಿ
ತನ್ನದೊಂದು ಮೂತ್ರಪಿಂಡ ಕೊಟ್ಟಳು.
ಮಂಚ ಖಾಲಿಯಾಯಿತು.
ನಾವು ಸಂತೋಷಪಟ್ಟೆವು, ಪಡಬೇಕಾದಷ್ಟು.
ಆಮೇಲೆ ಗೊದೆರ್ಜಿಗೆ ನೆನಪಾಯಿತು:
ಕೊನೆಯ ಪಾಲು ಅವಳ ಚೀಲದಲ್ಲೇ ಹೋಗಿದೆ.

ಮೂರು ಪಾಲಿನ ಮನೆಗೆ ನಾವೇ ಮಾಡು ಹೊದಿಸಿದೆವು.
ಗೊದೆರ್ಜಿಯ ಗಂಡ ಹಿಮದಲ್ಲಿ ನಡೆದು ವಾಪಸು ಬಂದ.
ನನ್ನವನು ಬರಲಿಲ್ಲ, ಅವನ ಕೋಟು ಬಂತು,
ಬೇರೆ ಯಾರೋ ಗುಂಡಿ ಹೊಲಿದದ್ದು.
ಲಾಮಾರಾ ಮಾತ್ರ ಮಾಕ್ವಾಲಾಳನ್ನು ಗಿರಣಿ ಮಾರಿಸಿ
ಸಮುದ್ರದ ಊರಿಗೆ ಕಳಿಸಿಬಿಟ್ಟಳು.
ಯಾಕೆಂದು ಕೇಳಿದರೆ ಗೋಡೆಯ ಕಡೆ ತಿರುಗಿದಳು.
ಆ ದಿನ ಯಂತ್ರಗಳಷ್ಟೇ ಮಾತಾಡಿದವು.

ಮೇ ತಿಂಗಳ ಒಂದು ಶುಕ್ರವಾರ
ಝುಝುನಾ ಬಂದಳು. ಮುಖಗವಸು ಹಾಕಿ ಬಾಗಿಲಲ್ಲೇ ನಿಂತು
ನರ್ಸಿನ ಕೈಗೆ ಕೊನೆಯ ಪಾಲು ಕೊಟ್ಟಳು.
ಹಾಳೆಗಳು ಉಬ್ಬಿ ಅಲೆಯಾಗಿದ್ದವು,
ಶಾಯಿ ಒಂದು ಮೂಲೆಯಲ್ಲಿ ನೀಲಿಯಾಗಿ ಹರಡಿತ್ತು.
"ಕ್ಷಮಿಸಿ, ಓದುತ್ತಾ ಓದುತ್ತಾ
ಮಗ್ಗುಲಿನ ಹೂಜಿ ಉರುಳಿತು" ಎಂದಳು.

ಹೂಜಿ.
ಗೊದೆರ್ಜಿ ಹಾಳೆಯನ್ನು ಮೂಗಿನ ಹತ್ತಿರ ಹಿಡಿದ.
ಮಾಕ್ವಾಲಾ ಏನಾದಳೆಂದು
ನಮ್ಮಲ್ಲಿ ಯಾರೂ ಕೇಳಲಿಲ್ಲ.
"ಎಷ್ಟು ಕುಡಿಯುತ್ತೀಯೆ ಈಗ?" ಎಂದಳು ಲಾಮಾರಾ,
"ನಿಧಾನವಾಗಿ ಹೇಳು.
ಮೊದಲಿನಿಂದ."