ಗೆಣಸಿನ ಗಾಡಿಯ ಸಿಳ್ಳೆ

ಮೂರು ಸಲ ನನ್ನ ಅಂಗಡಿಯ ಮುಂದೆಯೇ ಹಾದುಹೋಗಿ
ನಾಲ್ಕನೆಯ ಸಲಕ್ಕೆ ಒಳಗೆ ಬಂದ ಎಲ್ಯುತೇರಿಯೋ.
ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದಿದ್ದ
ಗೇಣುದ್ದದ ತಗಡಿನ ಕೊಳವೆ.
'ಮೂಕಾಗಿದೆ' ಅಂದ,
ಸತ್ತ ಹಕ್ಕಿಯನ್ನು ಕೊಡುವ ಹಾಗೆ ಕೊಟ್ಟ.

ಮೆಕ್ಸಿಕೋ ನಗರದ ನಮ್ಮ ಬೀದಿಗಳಲ್ಲಿ
ಕತ್ತಲಾದ ಮೇಲೆ ಒಂದು ಉದ್ದನೆಯ ಕೂಗು,
ಹಳಿಯೇ ಇಲ್ಲದ ಕಡೆ ರೈಲು ಅತ್ತ ಹಾಗೆ.
ಗೆಣಸು ಬಂತು ಅಂತ ಅರ್ಥ.
ಒಲೆ ಹೊತ್ತ ಗಾಡಿ, ಕೆಂಡದ ಮೇಲೆ ಬೆಂದ ಗೆಣಸು,
ಸೀಳಿ ಮೇಲೆ ಸುರಿಯುವ ಗಟ್ಟಿ ಹಾಲು.

'ತುಂಬಿದ ಕೊಡ ತುಳುಕುವುದಿಲ್ಲ ಮಾರಾಯ,
ನಿನ್ನ ಗೆಣಸಿಗೆ ಸಿಳ್ಳೆ ಯಾಕೆ?' ಅಂದೆ.

ನಾನೂ ಹಾಗೇ ಅಂದುಕೊಂಡೆ, ಅಂದ.
ಮಂಗಳವಾರ ಕೊಳವೆ ಕಟ್ಟಿಕೊಂಡಿತು.
ಹತ್ತೊಂಬತ್ತು ವರ್ಷ ತಿಂದ ಜನ,
ವಾಸನೆ ಹಿಡಿದೇ ಬರುತ್ತಾರೆ ಬಿಡು ಅಂತ
ಹದಿನಾಲ್ಕು ಬೀದಿ ತಳ್ಳಿದೆ ಸುಮ್ಮನೆ.
ಎಲ್ಲ ಕಿಟಕಿಯಲ್ಲೂ ಬೆಳಕಿತ್ತು.
ಒಂದೂ ತೆರೆಯಲಿಲ್ಲ.
ಉಳಿದ ನಲವತ್ತೊಂದನ್ನು ಕಸಿಲ್ದಾ ಎಣಿಸಿದಳು,
ಏನೂ ಅನ್ನಲಿಲ್ಲ.
ಮೂರು ಹೊತ್ತೂ ಗೆಣಸೇ ಬಡಿಸಿದಳು.

ಮರುದಿನ ಮೂರನೆಯ ಮಹಡಿಯ ಮಂಡಿನೋವಿನ ಮುದುಕಿ,
ದೋನ್ಯಾ ರೆಫೂಹಿಯೋ, ಮೇಲಿಂದಲೇ ಬೈದಳಂತೆ:
'ತಟ್ಟೆಯಲ್ಲಿ ಚಿಲ್ಲರೆ ಇಟ್ಟುಕೊಂಡು ಕೂತಿದ್ದೆ,
ನೀನು ಸತ್ತೆ ಅಂದುಕೊಂಡೆ!'
'ನಿಮ್ಮ ಕಿಟಕಿಯ ಕೆಳಗೇ ನಿಂತಿದ್ದೆನಲ್ಲ?'
'ನಿಂತರೆ? ನನಗೇನು ಕನಸು ಬೀಳುತ್ತದೆಯೇ?'

ನಾನು ತಂತಿ ತೂರಿಸಿ ಮಸಿ ಕೆದರಿದೆ,
ಬಿರುಕಿಗೆ ಬೆಸುಗೆ ಹಾಕಿದೆ,
ಹುಮ್ಮಸ್ಸಿನಲ್ಲಿ ಬಾಯನ್ನು ಸ್ವಲ್ಪ ಅಗಲಿಸಿಯೂ ಬಿಟ್ಟೆ.
ಉಗಿ ಹಾಯಿಸಿದ್ದೇ ತಡ
ಓಣಿಯ ನಾಯಿಗಳೆಲ್ಲ ಎದ್ದು ನಿಂತವು.
ಕಿವಿ ಮುಚ್ಚಿಕೊಂಡ ಎಲ್ಯುತೇರಿಯೋ:
'ಇಷ್ಟು ಬೇಡ. ಇಷ್ಟು ಕೂಗಿದರೆ
ಅಷ್ಟು ಸಿಹಿ ಎಲ್ಲಿಂದ ತರಲಿ?'

ಮೂಲೆಯ ಇಲಾರಿಯೋ ತಂದಿದ್ದನಲ್ಲ ಧ್ವನಿವರ್ಧಕ,
ಒಂದು ವಾರ ಮುಗಿಬಿದ್ದರು ಜನ.
ಬರೀ ನಾರು. ಈಗ ಅವನ ದನಿ ಕೇಳಿದರೆ
ಪರದೆ ಎಳೆದುಕೊಳ್ಳುತ್ತಾರೆ.

ಮತ್ತೆ ಬಡಿದೆ, ಕಿರಿದು ಮಾಡಿದೆ, ಅರ ಹಾಕಿದೆ.
ಅವನು ಗಾಡಿಯ ಹೊಟ್ಟೆ ತೆರೆದು ತೋರಿಸಿದ:
ಗೆಣಸು ಬೇಯಿಸುವ ಬೆಂಕಿಯೇ
ನೀರನ್ನೂ ಕುದಿಸಬೇಕು.
ಬೇರೆ ಒಲೆ ಇಲ್ಲ ಕೂಗಿಗೆ.

ಕೂಲಿ ಅರ್ಧ ದುಡ್ಡು, ಅರ್ಧ ಗೆಣಸು.
ಹೊರಡುವಾಗ ಹೊಸ್ತಿಲಲ್ಲಿ ನಿಂತು
ಬಾಗಿಲ ಮೇಲಿನ ಬೋಳು ಗೋಡೆಯನ್ನು ನೋಡಿದ.
'ನಿನ್ನ ಬೋರ್ಡು?'
'ಗೊತ್ತಿದ್ದವರಿಗೆ ಗೊತ್ತಿದೆ' ಅಂದೆ.
ಅವನು ನಗಲಿಲ್ಲ.

ರಾತ್ರಿ ದೂರದಲ್ಲಿ ಕೂಗಿತು ಅದು,
ಸ್ವಲ್ಪ ಗೊಗ್ಗರು, ಆದರೆ ಅವನದೇ.
ಎಲ್ಲೋ ಒಂದು ಕಿಟಕಿ ತೆರೆದ ಸದ್ದು.
ಅಟ್ಟದಿಂದ ಕೆಂಪು ಬಣ್ಣದ ಡಬ್ಬ ಇಳಿಸಿದೆ.
ಮುಚ್ಚಳ ಕಚ್ಚಿಕೊಂಡಿತ್ತು.
ತಗಡಿನವನಿಗೇ ಬಿಚ್ಚಲು ಅರ್ಧ ಗಂಟೆ ಹಿಡಿಯಿತು.