ಮೇಲಿಂದ ಬಂದದ್ದು

ಧಾರೆಗೆ ಇನ್ನು ಅರ್ಧ ಗಂಟೆ ಅನ್ನುವಾಗ
ಕನ್ನಡಿಗೆ ಒರಗಿಸಿಟ್ಟ ಮೊಬೈಲು ಬೆಳಗಿತು.
ನನ್ನ ಎಡಗೈಯಲ್ಲಿ ಕೋಣಂದೂರಿನ ಹುಡುಗಿಯ ಗಲ್ಲ,
ಬಲಗೈಯಲ್ಲಿ ಕಾಡಿಗೆ ಕಡ್ಡಿ.
ಕಾರಿನ ವಿಮೆ, ಹನ್ನೊಂದು ಸಾವಿರದ ಎಂಟುನೂರ ಎಪ್ಪತ್ತು.
ಹೋದ ವರ್ಷ ಏಳು ಸಾವಿರ ಚಿಲ್ಲರೆ.
ಕಣ್ಣಿನ ಗೆರೆ ಕಿವಿಯ ಕಡೆಗೆ ಒಂದೆಳೆ ಜಾಸ್ತಿಯೇ ಹೋಯಿತು.
"ಚೆನ್ನಾಗಿದೆ ಆಂಟಿ, ಹಾಗೇ ಇರಲಿ" ಅಂದಳು.
ಇನ್ನೊಂದು ಕಣ್ಣಿಗೂ ಅಷ್ಟೇ ಏರಿಸಿದೆ.

ಸೋಮವಾರ ಶಿವಮೊಗ್ಗದ ನೆಹರೂ ರಸ್ತೆ,
ಬಟ್ಟೆ ಅಂಗಡಿಯ ಮೇಲಿನ ಮಹಡಿ.
ಹಾಲೇಶಪ್ಪ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು
ಮತ್ತೆ ಅದೇ ಅಂಕಿ ಓದಿದರು.
"ಮೇಲಿಂದ ಬಂದದ್ದು ಮೇಡಂ, ನಮ್ಮ ಕೈಲೇನಿಲ್ಲ."

ಮೇಲಿಂದ ಬರುವುದು ನನಗೆ ಹೊಸದಲ್ಲ.
ಹೋದ ಮೇ ತಿಂಗಳು, ರಿಪ್ಪನ್‌ಪೇಟೆ ದಾಟಿ ಒಂದು ಮನೆ,
ನೆರಳಿದೆಯಲ್ಲ ಅಂತ ಮರದ ಕೆಳಗೆ ನಿಲ್ಲಿಸಿದ್ದೆ.
ಒಳಗೆ ಜಡೆಗೆ ಮೊಗ್ಗು ಸಿಗಿಸುತ್ತಿದ್ದಾಗ
ಹೊರಗೆ ಧಡ್ ಅಂತ ಸದ್ದು.
ವಾಲಗದವರು ಡೋಲು ಬಿತ್ತು ಅಂದುಕೊಂಡರಂತೆ.
ಬಾನೆಟ್ಟಿನ ನಡುವೆ ತಗ್ಗು ಮಾಡಿಕೊಂಡು
ಬೀಗರ ಗತ್ತಿನಲ್ಲಿ ಕೂತಿತ್ತು ಹಲಸಿನ ಹಣ್ಣು.
ಹದಿನಾಲ್ಕು ಕೆಜಿ. ಅಡಿಗೆಯವರು ತೂಗಿಯೇ ನೋಡಿದರು.
ಮನೆ ಯಜಮಾನರು ತಪ್ಪಾಯ್ತು ಅಂತ ಕೈಮುಗಿದರು,
ಯಾರ ತಪ್ಪು ಅಂತ ಅವರಿಗೂ ಗೊತ್ತಿರಲಿಲ್ಲ.
ಹೊರಡುವಾಗ ಅರ್ಧ ಹಣ್ಣು ಡಿಕ್ಕಿಯಲ್ಲಿ ಇಟ್ಟರು.
ಬಕ್ಕೆ. ಅಂಥ ತೊಳೆ ಆಮೇಲೆ ನಾನು ತಿಂದಿಲ್ಲ.

ಆಟೋ ಕಾಂಪ್ಲೆಕ್ಸಿನ ಇಮ್ತಿಯಾಜ್ ಆಗಲೇ ಹೇಳಿದ್ದ:
"ಅಕ್ಕಾ, ಕೈಯಿಂದಲೇ ಕೊಡಿ, ನಾಲ್ಕು ಸಾವಿರದಲ್ಲಿ ಎತ್ತಿಬಿಡ್ತೀನಿ,
ಕ್ಲೇಮು ಗೀಮು ಬೇಡ."
ಹಠ ನನ್ನದು. ಒಂಬತ್ತು ವರ್ಷ ಕಟ್ಟಿದ್ದೀನಿ,
ಒಂದು ಸಲವಾದರೂ ಕೇಳಬಾರದೇ?
ಕೇಳಿದೆ. ಅದು ಕಳೆದು ಇದು ಕಳೆದು
ಮೂರು ಸಾವಿರದ ಇನ್ನೂರು ಕೊಟ್ಟರು.

ಈಗ ಹಾಲೇಶಪ್ಪ ಬಿಡಿಸಿ ಹೇಳುತ್ತಾರೆ:
ಕೇಳದೆ ಇದ್ದ ವರ್ಷಗಳಿಗೆಲ್ಲ ರಿಯಾಯಿತಿ ಇತ್ತಂತೆ,
ಕೇಳಿದ್ದಕ್ಕೆ ಹೋಯಿತಂತೆ, ಅಷ್ಟೂ.
ಬಾಯಿ ಮುಚ್ಚಿಕೊಂಡಿದ್ದರೆ ಬಹುಮಾನ ಅನ್ನುವ ಪಾಠ
ಗಂಡನ ಮನೆಯಲ್ಲೇ ಕಲಿತಿದ್ದೆ.
ಅಲ್ಲಿ ಯಾರೂ ರಸೀದಿ ಕೊಡುತ್ತಿರಲಿಲ್ಲ, ಅಷ್ಟೇ.

ಇನ್ನೊಂದು ವಿಚಿತ್ರ ನೋಡಿ.
ಗಾಡಿಯ ಬೆಲೆ ಅಂತ ಅವರು ಬರೆದದ್ದು
ಹೋದ ವರ್ಷಕ್ಕಿಂತ ಇಪ್ಪತ್ತು ಸಾವಿರ ಕಮ್ಮಿ.
ಗಾಡಿ ಇಳಿಯುತ್ತದೆ, ಅದನ್ನು ಕಾಯುವ ಕೂಲಿ ಏರುತ್ತದೆ.
ಕಪಾಟಿನ ಗಾಜಿನಲ್ಲಿ ನಲವತ್ತೇಳರ ನನ್ನ ಮುಖ ಕಂಡಿತು.
ಕ್ರೀಮಿನ ಲೆಕ್ಕವೂ ಹೀಗೇ ಅಲ್ಲವೇ?
ನಗು ಬಂತು. ಒಪ್ಪಿಗೆ ಅಂದುಕೊಂಡರು ಹಾಲೇಶಪ್ಪ.

ಒಪ್ಪಲಿಲ್ಲ. ಸೊಪ್ಪಿನವಳ ಬುಟ್ಟಿಯ ಮುಂದೆ ಕೂತ ಹಾಗೆ ಕೂತೆ.
ದಾರಿಯಲ್ಲಿ ಕೆಟ್ಟರೆ ಬಂದು ಎಳೆಯುವ ಸೇವೆಯಾ?
ತೆಗೀರಿ, ಇಮ್ತಿಯಾಜ್ ಇದ್ದಾನೆ.
ಕೀ ಕಳೆದರೆ? ತೆಗೀರಿ, ಸೆರಗಿಗೆ ಗಂಟು ಹಾಕ್ತೀನಿ.
ಇಂಜಿನ್ನಿಗೆ ನೀರು ನುಗ್ಗಿದರೆ?
ಅಲ್ಲಿ ಇಬ್ಬರೂ ಸುಮ್ಮನಾದೆವು.
ಜುಲೈ ತಿಂಗಳು, ಹುಲಿಕಲ್ಲಿನ ತಿರುವು ನೆನಪಾಯಿತು.
ಇರಲಿ, ಅದೊಂದು ಇರಲಿ ಅಂದೆ.
ಬೇರೆ ಕಂಪನಿಯ ರೇಟು ಮೊಬೈಲಿನಲ್ಲಿ ತೋರಿಸಿದ ಮೇಲೆ
ಒಂಬತ್ತು ಸಾವಿರದ ನಾನೂರಕ್ಕೆ ಬಂದು ನಿಂತಿತು.
ಹಾಲೇಶಪ್ಪ ಕಾಫಿ ತರಿಸಿದರು. ಯಾರ ಖರ್ಚೋ, ಕೇಳಲಿಲ್ಲ.

ಈಗ ಮರ ಎಷ್ಟೇ ಕರೆದರೂ ಬಿಸಿಲಿಗೇ ನಿಲ್ಲಿಸುತ್ತೇನೆ.
ಮೊನ್ನೆ ಆನಂದಪುರದಲ್ಲಿ ಡಬ್ಬಿ ತೆಗೆದರೆ
ಆರು ಲಿಪ್‌ಸ್ಟಿಕ್ಕುಗಳೂ ಕರಗಿ ಒಂದೇ ಕೆಂಪಾಗಿ ಮಲಗಿದ್ದವು.
ಅದಕ್ಕೆ ವಿಮೆ ಇಲ್ಲ.
ಬೆರಳಲ್ಲೇ ತೆಗೆದು ಹಚ್ಚಿದೆ,
ಹೆಸರಿಲ್ಲದ ಆ ಬಣ್ಣ ಮದುಮಗಳಿಗೆ ಒಪ್ಪಿತು ಕೂಡ.

ದುಡ್ಡು ಎಣಿಸುತ್ತ ಅವಳ ತಾಯಿ ಕೇಳಿದರು,
"ನಮ್ಮ ದೊಡ್ಡವಳಿಗೆ ಬಂದಾಗ ಐನೂರು ಕಮ್ಮಿ ಇತ್ತಲ್ಲ?"
"ಮೇಲಿಂದ ಬಂದದ್ದು ಅಮ್ಮಾ" ಅಂದೆ.
ಪಾಪ, ಅವರು ತಲೆಯೆತ್ತಿ ಚಪ್ಪರ ನೋಡಿದರು.
ಅಭ್ಯಾಸವಾಗಿಬಿಟ್ಟಿದೆ, ನಾನೂ ನೋಡಿದೆ.